ಪುಸ್ತಕದ ಗ್ರೂಪಿನಲ್ಲಿ ಓದಿದವರು ಮಾತಾಡಲಿ

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಅಭಿನಂದನೆಯ ಮಳೆಯೇ ಸುರಿಯಿತು. ಕನ್ನಡದ ಕೃತಿಗೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಅನುವಾದಿಸಿದ ದೀಪಾ ಭಾಸ್ತಿ ಅವರಿಗೂ ಅದರಲ್ಲಿ ಸಮಪಾಲು. ಆದರೆ ಅಷ್ಟೂ ಸಂದೇಶಗಳ ನಡುವೆ 'ಈ ಕತೆ ಓದಿದೆ, ಹೀಗನ್ನಿಸಿತು' ಅಂದವರು ಬೆರಳೆಣಿಕೆಯಷ್ಟು ಮಂದಿ. 'ಪಿಡಿಎಫ್ ಇದ್ರೆ ಹಾಕಿ' ಅಂದವರೇ ಜಾಸ್ತಿ. ಇದರ ಬಗ್ಗೆ ನಾವು ಸ್ವಲ್ಪ ಯೋಚಿಸಬೇಕು.

ಪುಸ್ತಕದ ಬಗ್ಗೆ ಮಾತಾಡಲು ಇವತ್ತು ಜಾಗಕ್ಕೆ ಬರವಿಲ್ಲ. ಗುಡ್‌ರೀಡ್ಸ್‌ನಲ್ಲಿ ಕನ್ನಡ ಪುಸ್ತಕಗಳ ಬಗ್ಗೆಯೂ ಓದುಗರು ಬರೆಯುತ್ತಾರೆ. ಪ್ರತಿಲಿಪಿಯಲ್ಲಿ ಹೊಸಬರು ಕತೆ ಹಾಕಿದರೆ ಓದಿದವರು ಅಲ್ಲೇ ಅಭಿಪ್ರಾಯ ತಿಳಿಸಬಹುದು. ಮಂಗಳೂರಿನ ಪುಸ್ತಕ ಬಿಡುಗಡೆಗೆ ಬರಲಾಗದ ಗೃಹಿಣಿ, ದಮಾಮ್‌ನಲ್ಲೋ ದುಬೈಯಲ್ಲೋ ದುಡಿಯುವ ಯುವಕ, ಪಿಯುಸಿ ಓದುವ ಹುಡುಗಿ ಇವರೆಲ್ಲ ಒಂದೇ ಕತೆಯ ಬಗ್ಗೆ ಒಂದೇ ದಿನ ಮಾತಾಡಬಹುದು.

ಇದರಿಂದ ಬರೆಯುವವರಿಗೂ ದೊಡ್ಡ ಲಾಭವಿದೆ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಮೊದಲು ಓದುಗರ ಕೈಸೇರಿದ್ದು ಲಂಕೇಶ್ ಪತ್ರಿಕೆಯ ಧಾರಾವಾಹಿಯಾಗಿ. ಅಂಥ ವಾರಪತ್ರಿಕೆಗಳು ಈಗ ಕಡಿಮೆ. ಹೊಸಬರಿಗೆ ಆ ಜಾಗವನ್ನು ಒಂದು ಒಳ್ಳೆಯ ಗ್ರೂಪು ತುಂಬಬಲ್ಲದು. ಅದರಲ್ಲೂ ಊರಿಂದ ಊರಿಗೆ ಮಾತು ಬದಲಾಗುವ ಬ್ಯಾರಿಯಲ್ಲಿ ಬರೆಯುವವರಿಗೆ 'ನಮ್ಮ ಕಡೆ ಈ ಶಬ್ದ ಹೀಗಲ್ಲ' ಅನ್ನುವ ಓದುಗರು ಬೇಕೇ ಬೇಕು.

ಆದರೆ ನಮ್ಮ ಗ್ರೂಪುಗಳಿಗೆ ಎರಡು ಕಾಯಿಲೆ ಅಂಟಿವೆ. ಒಂದು, ಪಿಡಿಎಫ್ ಹಂಚುವುದು. ಸಾವಿರ ಪ್ರತಿ ಅಚ್ಚು ಹಾಕಿಸಿ, ಅದು ಖರ್ಚಾಗಲು ವರ್ಷಗಟ್ಟಲೆ ಕಾಯುವ ಲೇಖಕರ ಹೊಟ್ಟೆಗೆ ಇದು ಹೊಡೆತ. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಹೋದ ಮೇಲೂ 60 ವರ್ಷ ಕೃತಿಯ ಹಕ್ಕು ಅವರ ವಾರಸುದಾರರದ್ದು. ವ್ಯಾಪಾರದಲ್ಲಿ ಹಲಾಲ್ ಹರಾಂ ನೋಡುವ ನಾವು ಪುಸ್ತಕದ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡರೆ ಹೇಗೆ?

ಎರಡನೆಯದು ಪೊಳ್ಳು ಹೊಗಳಿಕೆ. ಏನು ಬರೆದರೂ 'ಮಾಷಾ ಅಲ್ಲಾಹ್, ಸೂಪರ್' ಅಂದುಬಿಟ್ಟರೆ ಬರೆಯುವವರು ಬೆಳೆಯುವುದಿಲ್ಲ. ಯಾರಾದರೂ ಒಂದು ಕೊರತೆ ತೋರಿಸಿದರೆ ಅದನ್ನು ಹಗೆ ಅಂತ ತಿಳಿಯುವವರೂ ಇದ್ದಾರೆ. ಇದನ್ನು ನೋಡಿ ಹೆಣ್ಣುಮಕ್ಕಳು ಓದಿದ್ದರೂ ಸುಮ್ಮನಾಗಿಬಿಡುತ್ತಾರೆ. ಹಾಗಾದಾಗ, ಬಾನು ಮತ್ತು ಸಾರಾ ಯಾರ ಬದುಕನ್ನು ಬರೆದರೋ ಅವರ ಮಾತೇ ಕೇಳಿಸದೆ ಹೋಗುತ್ತದೆ.

ಪರಿಹಾರ ಕಷ್ಟದ್ದಲ್ಲ. ತಿಂಗಳಿಗೆ ಒಂದೇ ಪುಸ್ತಕ ಆರಿಸೋಣ. ಐದು ಮನೆಯವರು ಸೇರಿ ಒಂದು ಪ್ರತಿ ಕೊಂಡು ಕೈಯಿಂದ ಕೈಗೆ ದಾಟಿಸೋಣ. ಓದಿದ ಪ್ರತಿಯೊಬ್ಬರೂ ಇಷ್ಟವಾದದ್ದು, ಆಗದ್ದು ಎರಡನ್ನೂ ನಾಲ್ಕು ಸಾಲಿನಲ್ಲಿ ಬರೆಯಲಿ. ಟೈಪ್ ಮಾಡಲು ಬಾರದವರು ವಾಯ್ಸ್ ಮೆಸೇಜ್ ಹಾಕಲಿ, ಅದು ಬ್ಯಾರಿಯಲ್ಲೇ ಇರಲಿ. ಪಿಡಿಎಫ್ ಬಂದರೆ ಅಡ್ಮಿನ್ ಕೂಡಲೇ ತೆಗೆದುಹಾಕಲಿ. ಮುಂದಿನ ಬಾರಿ ನಮ್ಮವರಿಗೆ ಪ್ರಶಸ್ತಿ ಬರುವಾಗ ಅಭಿನಂದಿಸುವವರಲ್ಲಿ ಅರ್ಧದಷ್ಟು ಜನವಾದರೂ ಆ ಪುಸ್ತಕ ಓದಿದವರಾಗಿರಲಿ.