ತಂತಿಯ ಕೆಳಗಿನವರ ಪಾಲು

2013ರ ಡಿಸೆಂಬರ್ 31ರ ರಾತ್ರಿ ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೊವೋಲ್ಟ್ ಮಾರ್ಗದಲ್ಲಿ ವಿದ್ಯುತ್ ಹರಿಯಿತು. ದಕ್ಷಿಣದ ಗ್ರಿಡ್ ಅಂದು ಮೊದಲ ಬಾರಿಗೆ ದೇಶದ ಉಳಿದ ಗ್ರಿಡ್‌ನೊಂದಿಗೆ ಒಂದೇ ಲಯಕ್ಕೆ ಕೂಡಿಕೊಂಡಿತು. ಅಲ್ಲಿಯವರೆಗೆ ತಾಲ್ಚೇರ್–ಕೋಲಾರದಂತಹ ಕೆಲವೇ ಡಿ.ಸಿ. ಕೊಂಡಿಗಳ ಮೂಲಕ ಎಷ್ಟು ಬರುತ್ತಿತ್ತೋ ಅಷ್ಟೇ ನಮ್ಮ ಪಾಲು. ಉತ್ತರದಲ್ಲಿ ಅಗ್ಗದ ವಿದ್ಯುತ್ ಇದ್ದರೂ ತರಲು ದಾರಿಯಿಲ್ಲದೆ ದಕ್ಷಿಣದ ರಾಜ್ಯಗಳು ಹೆಚ್ಚು ಬೆಲೆ ತೆತ್ತು ಕೊಳ್ಳುತ್ತಿದ್ದವು. ಪ್ರಸರಣ ಮಾರ್ಗ ತಡವಾದರೆ ಅದರ ಬೆಲೆ ಕೊನೆಗೆ ಸೇರುವುದು ಮನೆಯ ಬಿಲ್ಲಿಗೆ ಎಂಬುದನ್ನು ಕನ್ನಡಿಗರು ಆ ವರ್ಷಗಳಲ್ಲಿ ಲೋಡ್‌ಶೆಡ್ಡಿಂಗ್‌ನ ಕತ್ತಲಲ್ಲೇ ಕಲಿತರು.

ರಾಯಚೂರು–ಸೊಲ್ಲಾಪುರದ ನಡುವೆ ಕಟ್ಟಿದ್ದು ಒಂದಲ್ಲ, ಎರಡು ಮಾರ್ಗ. ಒಂದನ್ನು ಕೇಂದ್ರ ಸರ್ಕಾರಿ ಸ್ವಾಮ್ಯದ ಪವರ್ ಗ್ರಿಡ್ ಕಂಪನಿ ಕಟ್ಟಿತು. ತಗುಲಿದ ವೆಚ್ಚ, ಅದರ ಮೇಲೆ ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡಿದ ಪ್ರತಿಫಲ, ಇವೆರಡೂ ಸೇರಿ ಅದರ ದರ. ಇನ್ನೊಂದನ್ನು ಬಿಡ್ ಕರೆದು ಖಾಸಗಿ ಕಂಪನಿಗಳ ಕೂಟಕ್ಕೆ ವಹಿಸಲಾಯಿತು. ವಾರ್ಷಿಕ ಶುಲ್ಕ ಯಾರು ಕಡಿಮೆ ಕೇಳುತ್ತಾರೋ ಅವರಿಗೆ ಕೆಲಸ. ಪವರ್ ಗ್ರಿಡ್‌ನ ಮಾರ್ಗ ಮೊದಲು ಚಾಲೂ ಆಯಿತು, ಖಾಸಗಿಯದು ಕೆಲವು ತಿಂಗಳ ನಂತರ. ಒಂದೇ ಜೋಡಿ ಮಾರ್ಗದಿಂದ ಯಾವ ಪದ್ಧತಿ ಮೇಲು ಎಂದು ತೀರ್ಪು ಕೊಡಲಾಗದು. ಆದರೆ ಟವರ್ ನಿಲ್ಲಿಸುವವರನ್ನು ಯಾವ ಆಸೆ ಮುಂದಕ್ಕೆ ತಳ್ಳುತ್ತದೆ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ.

ಈಗ ಆ ಪ್ರಶ್ನೆಯ ತೂಕ ಹೆಚ್ಚಿದೆ. ಕೇಂದ್ರದ ರಾಷ್ಟ್ರೀಯ ವಿದ್ಯುತ್ ಯೋಜನೆಯ ಪ್ರಕಾರ 2032ರೊಳಗೆ ಪ್ರಸರಣ ಜಾಲಕ್ಕೆ ₹9.15 ಲಕ್ಷ ಕೋಟಿ ಹೂಡಬೇಕು. ಅಷ್ಟು ಹಣ ಬರಬೇಕಾದರೆ ಹೂಡಿಕೆದಾರರಿಗೆ ಆಕರ್ಷಣೆ ಬೇಕು ಎಂಬ ವಾದ ಸಹಜ. ಆ ಆಕರ್ಷಣೆಯನ್ನು ದರದೊಳಗೇ ಸೇರಿಸಿ ಗ್ರಾಹಕರಿಂದ ವಸೂಲು ಮಾಡುವುದನ್ನೇ ದರ ಪ್ರೋತ್ಸಾಹ ಎನ್ನುತ್ತಾರೆ. ಅದನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ ದೇಶ ಅಮೆರಿಕ. ಅಲ್ಲಿನ ಇಪ್ಪತ್ತು ವರ್ಷಗಳ ಅನುಭವ ನಮಗೆ ಉಪಯೋಗಕ್ಕೆ ಬರುತ್ತದೆ.

ಅಮೆರಿಕದಲ್ಲಿ 1970ರ ದಶಕದ ಮಧ್ಯಭಾಗದಿಂದ ಸುಮಾರು ಎರಡೂವರೆ ದಶಕ ಪ್ರಸರಣ ಹೂಡಿಕೆ ಕುಸಿಯುತ್ತಾ ಬಂದಿತ್ತು. 2003ರ ಆಗಸ್ಟ್ 14ರಂದು ಈಶಾನ್ಯ ರಾಜ್ಯಗಳಲ್ಲೂ ಕೆನಡಾದ ಒಂಟಾರಿಯೊದಲ್ಲೂ ಸುಮಾರು 5 ಕೋಟಿ ಜನ ಕತ್ತಲಲ್ಲಿ ಮುಳುಗಿದರು. ಎರಡು ವರ್ಷಗಳ ಬಳಿಕ ಅಮೆರಿಕದ ಸಂಸತ್ತು ಇಂಧನ ಕಾಯ್ದೆ ಮಾಡಿ, ಪ್ರಸರಣಕ್ಕೆ ಪ್ರೋತ್ಸಾಹಕ ದರ ಕೊಡುವಂತೆ ಅಲ್ಲಿನ ಫೆಡರಲ್ ಇಂಧನ ನಿಯಂತ್ರಣ ಆಯೋಗಕ್ಕೆ ಆದೇಶಿಸಿತು. 2006ರಲ್ಲಿ ಆಯೋಗದ 679ನೇ ಆದೇಶ ಹೊರಬಿತ್ತು. ಸ್ವಂತ ಬಂಡವಾಳದ ಮೇಲೆ ಮಾಮೂಲಿಗಿಂತ ಹೆಚ್ಚಿನ ಪ್ರತಿಫಲ, ಕಾಮಗಾರಿ ಮುಗಿಯುವ ಮೊದಲೇ ಅದರ ಹಣಕಾಸು ವೆಚ್ಚವನ್ನು ಗ್ರಾಹಕರಿಂದ ಪಡೆಯುವ ಅವಕಾಶ, ಕಂಪನಿಯ ತಪ್ಪಿಲ್ಲದೆ ಯೋಜನೆ ರದ್ದಾದರೂ ವೆಚ್ಚ ವಸೂಲಿ, ಪ್ರಾದೇಶಿಕ ಗ್ರಿಡ್ ಸಂಸ್ಥೆಯ ಸದಸ್ಯತ್ವಕ್ಕೆ ಪ್ರತ್ಯೇಕ ಹೆಚ್ಚಳ ಎಲ್ಲವೂ ಅದರಲ್ಲಿದ್ದವು.

2003ರ ಕತ್ತಲೆಗೆ ಕಾರಣ ಏನಿತ್ತು? ಓಹಿಯೊದಲ್ಲಿ ಕತ್ತರಿಸದೆ ಬಿಟ್ಟ ಮರಗಳಿಗೆ ಜೋತ ತಂತಿಗಳು ತಾಗಿದವು, ನಿಯಂತ್ರಣ ಕೊಠಡಿಯ ಎಚ್ಚರಿಕೆಯ ಸಾಫ್ಟ್‌ವೇರ್ ಕೈಕೊಟ್ಟಿತು. ಜಾಲ ಹಳತಾಗಿತ್ತು ಎಂಬುದು ನಿಜ. ಆದರೂ ಕೊಂಬೆ ಕಡಿಯುವ ಶ್ರದ್ಧೆ ಇಲ್ಲದ್ದಕ್ಕೆ ಹೊಸ ಉಕ್ಕಿಗೆ ಹೆಚ್ಚು ಲಾಭ ಕೊಡುವ ಕಾಯ್ದೆ ಉತ್ತರವಾಯಿತು. ಕೊರತೆ ಇದ್ದದ್ದು ಒಂದೆಡೆ, ಬಹುಮಾನ ಕಟ್ಟಿದ್ದು ಇನ್ನೊಂದೆಡೆ. ಪ್ರೋತ್ಸಾಹಕ ದರದ ಇತಿಹಾಸದಲ್ಲಿ ಈ ತಪ್ಪು ಮತ್ತೆ ಮತ್ತೆ ಕಾಣುತ್ತದೆ.

ವೆಸ್ಟ್ ವರ್ಜೀನಿಯಾದಿಂದ ಮೇರಿಲ್ಯಾಂಡ್‌ವರೆಗೆ 765 ಕಿಲೊವೋಲ್ಟ್‌ನ ‘ಪಾಥ್’ ಎಂಬ ಮಾರ್ಗಕ್ಕೆ 2008ರಲ್ಲಿ ಇಂತಹ ಪ್ರೋತ್ಸಾಹಗಳು ಸಿಕ್ಕವು. ಬೇಡಿಕೆಯ ಅಂದಾಜು ತಪ್ಪಿತು, ಊರೂರಿನಲ್ಲಿ ವಿರೋಧ ಎದ್ದಿತು, 2012ರಲ್ಲಿ ಯೋಜನೆ ರದ್ದಾಯಿತು. ಮಾರ್ಗ ಏಳಲೇ ಇಲ್ಲ, ಗ್ರಾಹಕರು ಮಾತ್ರ ವರ್ಷಗಳ ಕಾಲ ಅದರ ಲೆಕ್ಕ ತೀರಿಸಿದರು. ಗ್ರಿಡ್ ಸಂಸ್ಥೆಯ ಸದಸ್ಯತ್ವಕ್ಕೆ ಕೊಡುವ ಅರ್ಧ ಶೇಕಡಾ ಹೆಚ್ಚಳದ ಕತೆಯೂ ಹಾಗೆಯೇ. ಸೇರಿ ಹಲವು ವರ್ಷಗಳಾದ ಕಂಪನಿಗಳಿಗೂ ಅದು ಮುಂದುವರಿಯಿತು. ಓಹಿಯೊದಲ್ಲಿ ಸದಸ್ಯತ್ವ ರಾಜ್ಯ ಕಾಯ್ದೆಯಂತೆ ಕಡ್ಡಾಯ. ಕಾನೂನು ಮಾಡಿಸುವ ಕೆಲಸಕ್ಕೆ ಬಹುಮಾನ ಏಕೆ ಎಂಬ ಪ್ರಶ್ನೆ ಎದ್ದು, ಅಲ್ಲಿನ ಕೆಲವು ಕಂಪನಿಗಳ ಹೆಚ್ಚಳಕ್ಕೆ ಆಯೋಗ 2022ರಲ್ಲಿ ಕತ್ತರಿ ಹಾಕಿತು. ಆ ವಿವೇಕ ಮೂಡಲು ಹದಿನಾರು ವರ್ಷ ಹಿಡಿಯಿತು.

ಇನ್ನು ನಮ್ಮ ಲೆಕ್ಕ. ಸಾವಿರ ಕೋಟಿ ರೂಪಾಯಿಯ ಪ್ರಸರಣ ಯೋಜನೆಯೊಂದನ್ನು ಊಹಿಸಿಕೊಳ್ಳೋಣ. ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಲೆಕ್ಕದಲ್ಲಿ ಶೇ 70 ಸಾಲ, ಶೇ 30 ಸ್ವಂತ ಬಂಡವಾಳ, ಅಂದರೆ ₹300 ಕೋಟಿ. 2009ರ ದರ ನಿಯಮಗಳು ಅದಕ್ಕೆ ಶೇ 15.5 ಪ್ರತಿಫಲ ನಿಗದಿ ಮಾಡಿದವು. ಗೊತ್ತುಪಡಿಸಿದ ಅವಧಿಯಲ್ಲಿ ಮುಗಿಸಿದರೆ ಇನ್ನೂ ಅರ್ಧ ಶೇಕಡಾ. ಈಗಿನ ನಿಯಮಗಳಲ್ಲಿ 2024ರ ಏಪ್ರಿಲ್‌ನಿಂದೀಚೆಗೆ ಚಾಲೂ ಆಗುವ ಹೊಸ ಪ್ರಸರಣ ಯೋಜನೆಗೆ ಶೇ 15. ಈ ಪ್ರತಿಫಲದ ಮೇಲಿನ ತೆರಿಗೆಯೂ ದರದೊಳಗೇ ಸೇರುತ್ತದೆ. ಅರ್ಧ ಶೇಕಡಾ ಎಂದರೆ ವರ್ಷಕ್ಕೆ ₹1.5 ಕೋಟಿ. ಮಾರ್ಗದ ಆಯುಷ್ಯ 35 ವರ್ಷ ಎಂದಾದರೆ ₹52.5 ಕೋಟಿ. ಅಂಕಿ ಚಿಕ್ಕದು, ಆದರೆ ಅದನ್ನು ಪ್ರತಿ ಯೋಜನೆಗೂ ಗುಣಿಸಬೇಕು.

ಹೆಚ್ಚು ಪ್ರತಿಫಲ ಕೊಟ್ಟರೆ ಹಣ ಬರುತ್ತದೆ, ನಿಜ. ವೆಚ್ಚದ ಮೇಲೆ ಲಾಭ ಸಿಗುವ ಕಡೆ ವೆಚ್ಚವೇ ಬೆಳೆಯುತ್ತದೆ ಎಂಬುದೂ ನಿಜ. ಹಾರ್ವೆ ಆವರ್ಚ್, ಲೀಲೆಂಡ್ ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು 1962ರಲ್ಲೇ ಇದನ್ನು ತೋರಿಸಿಕೊಟ್ಟರು. ಹಳೆಯ ಟವರ್‌ಗಳಿಗೇ ಹೆಚ್ಚು ಬಿಸಿ ತಾಳುವ ಹೊಸ ತಂತಿ ಎಳೆದರೆ ಎಷ್ಟೋ ಕಡೆ ಹೊಸ ಮಾರ್ಗದ ಅಗತ್ಯವೇ ಮುಂದೂಡಿ ಹೋಗುತ್ತದೆ. ಅದಕ್ಕೆ ಕಡಿಮೆ ಬಂಡವಾಳ ಸಾಕು. ಆದ್ದರಿಂದಲೇ ಶೇಕಡಾವಾರು ಲಾಭದ ಮೇಲೆ ನಿಂತ ಕಂಪನಿಗೆ ಅದರಲ್ಲಿ ಆಸಕ್ತಿ ಕಡಿಮೆ. ಉಳಿಸಿಕೊಟ್ಟ ಹಣದಲ್ಲಿ ಕಂಪನಿಗೂ ಒಂದು ಪಾಲು ಕೊಡುವ ನಿಯಮ ಬಂದರೆ ಈ ಆಸಕ್ತಿ ಹುಟ್ಟೀತು.

2011ರ ಜನವರಿಯಿಂದ ನಮ್ಮಲ್ಲಿ ಅಂತರರಾಜ್ಯ ಮಾರ್ಗಗಳಿಗೆ ಬಿಡ್ ಕರೆಯುವುದೇ ಸಾಮಾನ್ಯ ನಿಯಮವಾಗಿದೆ. ಅದರಿಂದ ಶುಲ್ಕ ಇಳಿದಿದೆ, ಅದನ್ನು ಮನಸಾರೆ ಒಪ್ಪುತ್ತೇನೆ. ಪವರ್ ಗ್ರಿಡ್ ಸಹ ಖಾಸಗಿಯವರ ಸಾಲಿನಲ್ಲಿ ನಿಂತು ಬಿಡ್ ಗೆಲ್ಲುತ್ತಿದೆ. ಬಂಡವಾಳಕ್ಕೆ ಬರ ಇದ್ದಿದ್ದರೆ ಇಷ್ಟು ಜನ ಸ್ಪರ್ಧಿಸುತ್ತಿರಲಿಲ್ಲ. ಮತ್ತೆ ಮಾರ್ಗಗಳು ಎಲ್ಲಿ ನಿಲ್ಲುತ್ತಿವೆ? ಹೊಲದಲ್ಲಿ, ತೋಟದಲ್ಲಿ, ಕಾಡಿನ ಅಂಚಿನಲ್ಲಿ.

ನಂದಿಕೂರಿನಿಂದ ಕಾಸರಗೋಡಿಗೆ ಹೋಗಬೇಕಾದ 400 ಕಿಲೊವೋಲ್ಟ್ ಮಾರ್ಗವನ್ನೇ ನೋಡಿ. 2019ರಲ್ಲಿ ಬಿಡ್ ಗೆದ್ದ ಖಾಸಗಿ ಸಂಸ್ಥೆಗೆ ವಹಿಸಿದ ಕೆಲಸ ಉಡುಪಿ, ದಕ್ಷಿಣ ಕನ್ನಡದ ಕೃಷಿಕರ ವಿರೋಧದಿಂದ ವರ್ಷಗಟ್ಟಲೆ ಕುಂಟಿತು. ಅವರ ವಿರೋಧ ಹಠವಲ್ಲ. ಈ ಮಟ್ಟದ ಮಾರ್ಗಕ್ಕೆ 46 ಮೀಟರ್ ಅಗಲದ ಪಟ್ಟಿ ಬೇಕು. ಅದರಡಿಯಲ್ಲಿ ಅಡಿಕೆ, ತೆಂಗು ನಿಲ್ಲುವಂತಿಲ್ಲ, ಮನೆ ಕಟ್ಟುವಂತಿಲ್ಲ. ಜಮೀನು ಪಹಣಿಯಲ್ಲಿ ರೈತನ ಹೆಸರಲ್ಲೇ ಇರುತ್ತದೆ, ಫಸಲು ಇರುವುದಿಲ್ಲ. ತಂತಿ ಎಳೆಯಲು ಭೂಸ್ವಾಧೀನ ಬೇಕಿಲ್ಲ ಎಂಬ ಅಧಿಕಾರ 1885ರ ಟೆಲಿಗ್ರಾಫ್ ಕಾಯ್ದೆಯಿಂದ ಬಂದದ್ದು. ತೆಳ್ಳಗಿನ ತಾರು ತಂತಿಗಾಗಿ ಬ್ರಿಟಿಷರು ಬರೆದುಕೊಂಡ ಅಧಿಕಾರವನ್ನು 400, 765 ಕಿಲೊವೋಲ್ಟ್‌ನ ಗೋಪುರಗಳಿಗೆ ಬಳಸಿದೆವು. ಕೇಂದ್ರ 2024ರ ಜೂನ್‌ನಲ್ಲಿ ಮಾರ್ಗಸೂಚಿ ಪರಿಷ್ಕರಿಸಿ ಟವರ್ ಜಾಗಕ್ಕೆ ಭೂಮಿಯ ಮೌಲ್ಯದ ಶೇ 200, ತಂತಿಯಡಿಯ ಪಟ್ಟಿಗೆ ಶೇ 30 ಪರಿಹಾರ ಎಂದಿತು. ಮೊದಲು ಅದು ಶೇ 85, ಶೇ 15 ಇತ್ತು. ಒಳ್ಳೆಯ ಹೆಜ್ಜೆ. ಆದರೂ ಅದು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಹಣ. ಕಂಪನಿಗೆ 35 ವರ್ಷ ಆದಾಯ, ರೈತನಿಗೆ ಒಂದು ಚೆಕ್ಕು.

ಬೇರೆ ದಾರಿ ನಮ್ಮ ರಾಜ್ಯದಲ್ಲೇ ಇದೆ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್‌ಗೆ ಸುಮಾರು 13 ಸಾವಿರ ಎಕರೆ ಸಿಕ್ಕಿದ್ದು ಸ್ವಾಧೀನದಿಂದಲ್ಲ, ಗುತ್ತಿಗೆಯಿಂದ. ಎಕರೆಗೆ ವರ್ಷಕ್ಕೆ ₹21 ಸಾವಿರದಿಂದ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಭೂಮಿಯಿಲ್ಲದ ಕೂಲಿಕಾರರಿಗೆ ಅಲ್ಲಿ ನ್ಯಾಯ ಸಿಕ್ಕಿಲ್ಲ ಎಂಬ ದೂರು ಸರಿಯಾದದ್ದೇ, ಅದನ್ನು ಮರೆಯಬಾರದು. ಆದರೆ ಜಮೀನುಳ್ಳವರ ಮಟ್ಟಿಗೆ ಫಲಕ ಹಾಕಿದ ಹೊಲಕ್ಕೆ ವರ್ಷವರ್ಷ ಬಾಡಿಗೆ, ಅದೇ ವಿದ್ಯುತ್ತನ್ನು ಹೊತ್ತ ತಂತಿ ಹಾಯುವ ಹೊಲಕ್ಕೆ ಒಂದೇ ಸಲದ ಪರಿಹಾರ ಎಂಬ ಭೇದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುತ್ತಿಲ್ಲ.

ಮೇಲಿನ ಸಾವಿರ ಕೋಟಿಯ ಯೋಜನೆ 200 ಕಿಲೊಮೀಟರ್ ಉದ್ದದ್ದು ಎನ್ನೋಣ. 46 ಮೀಟರ್ ಪಟ್ಟಿಯ ವಿಸ್ತೀರ್ಣ ಸುಮಾರು 2,270 ಎಕರೆ. ಬೇಗ ಮುಗಿಸಿದ್ದಕ್ಕೆ ಕಂಪನಿಗೆ ಕೊಡುತ್ತಿದ್ದ ಆ ಅರ್ಧ ಶೇಕಡಾವನ್ನೇ ಇಲ್ಲಿ ಹಂಚಿದರೆ ಎಕರೆಗೆ ವರ್ಷಕ್ಕೆ ₹6,600. ಪಾವಗಡದ ಆರಂಭಿಕ ಬಾಡಿಗೆಯನ್ನೇ ಪೂರ್ತಿ ಕೊಟ್ಟರೂ ವರ್ಷಕ್ಕೆ ₹4.8 ಕೋಟಿಯ ಒಳಗೆ. ಇನ್ನು ತಡವಾದರೆ? ₹700 ಕೋಟಿ ಸಾಲ ಪೂರ್ತಿ ಪಡೆದ ಮೇಲೆ ಕೆಲಸ ಒಂದು ವರ್ಷ ನಿಂತರೆ ಶೇ 9ರ ಬಡ್ಡಿಯೇ ₹63 ಕೋಟಿ. ಹದಿಮೂರು ವರ್ಷದ ಬಾಡಿಗೆ ಒಂದೇ ವರ್ಷದ ಬಡ್ಡಿಯಲ್ಲಿ ಕರಗಿಹೋಗುತ್ತದೆ. ಪ್ರತಿ ಯೋಜನೆಯ ಅಂಕಿ ಬೇರೆಯಾದೀತು, ಪ್ರಮಾಣ ಇಷ್ಟೇ ದೊಡ್ಡದಾಗಿರುತ್ತದೆ. ತಂತಿ ಚಾಲೂ ಆದ ದಿನದಿಂದ ಬಾಡಿಗೆ ಶುರು ಎಂದು ಬರೆದರೆ, ಬೇಗ ಮುಗಿಯಲಿ ಎಂದು ಬಯಸುವವರ ಸಾಲಿಗೆ ರೈತನೂ ಸೇರುತ್ತಾನೆ.

ಇನ್ನೊಂದು ಪ್ರೋತ್ಸಾಹವೂ ಇಲ್ಲಿ ಲೆಕ್ಕಕ್ಕೆ ಬರಬೇಕು. 2025ರ ಜೂನ್ 30ರೊಳಗೆ ಚಾಲೂ ಆದ ಸೌರ, ಪವನ ಘಟಕಗಳಿಗೆ ಅಂತರರಾಜ್ಯ ಪ್ರಸರಣ ಶುಲ್ಕವನ್ನು 25 ವರ್ಷ ಮನ್ನಾ ಮಾಡಲಾಗಿದೆ. ಮನ್ನಾ ಆದ ಶುಲ್ಕದ ಭಾರ ಉಳಿದ ಬಳಕೆದಾರರ ಮೇಲೆ ಬೀಳುತ್ತದೆ. ಗಡುವಿಗೆ ಮುಂಚೆ ಮುಗಿಸಲು ಎಲ್ಲರೂ ಧಾವಿಸಿದರು. ಸೌರ ಘಟಕ ಬೇಗ ಏಳುತ್ತದೆ, ಮಾರ್ಗಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕು. ರಾಜಸ್ಥಾನದಲ್ಲಿ ಸಿದ್ಧವಾದ ಘಟಕಗಳು ಹೊರದಾರಿಯಿಲ್ಲದೆ ಉತ್ಪಾದನೆ ಕಡಿತಗೊಳಿಸುವ ಸ್ಥಿತಿ ಬಂತು. ರಿಯಾಯಿತಿಯ ಗಡುವನ್ನು ಘಟಕಕ್ಕೆ ಮಾತ್ರ ಕಟ್ಟಿ, ಮಾರ್ಗವನ್ನು ಮರೆತದ್ದರ ಫಲ ಅದು.

ಕೇಂದ್ರ ಆಯೋಗದ ಈಗಿನ ದರ ನಿಯಮಗಳ ಅವಧಿ 2029ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದಕ್ಕೆ ಮುಂಚೆ ಹೊಸ ಕರಡು ಬರುತ್ತದೆ, ಪ್ರತಿಫಲ ಶೇ 15 ಸಾಕೇ, ಹದಿನಾರು ಬೇಕೇ ಎಂಬ ವಾದ ನಡೆಯುತ್ತದೆ. ಆಯೋಗ ಅದಕ್ಕೂ ಮೊದಲು, ಪಟ್ಟಿಯಡಿಯ ವಾರ್ಷಿಕ ಬಾಡಿಗೆಯನ್ನು ದರದಲ್ಲಿ ಸೇರಿಸಬಹುದಾದ ವೆಚ್ಚವೆಂದು ಒಪ್ಪಬೇಕು. ಬಿಡ್ ದಾಖಲೆಯಲ್ಲೂ ಎಲ್ಲ ಸ್ಪರ್ಧಿಗಳಿಗೂ ಒಂದೇ ದರದ ಬಾಡಿಗೆಯನ್ನು ಮೊದಲೇ ನಮೂದಿಸಬೇಕು. ಇಲ್ಲದಿದ್ದರೆ ಕಡಿಮೆ ಶುಲ್ಕ ಕೇಳುವ ಪೈಪೋಟಿಯಲ್ಲಿ ಮೊದಲು ಸವೆಯುವುದು ರೈತನ ಪಾಲೇ. ಕರಡಿನ ಮೇಲೆ ವಿಚಾರಣೆ ನಡೆಯುವಾಗ ಪ್ರಸರಣ ಕಂಪನಿಗಳ ವಕೀಲರು, ಎಸ್ಕಾಂಗಳ ಅಧಿಕಾರಿಗಳು ತಾವಾಗಿಯೇ ಬರುತ್ತಾರೆ. ಕಾರ್ಕಳ, ಬಂಟ್ವಾಳದ ಅಡಿಕೆ ಬೆಳೆಗಾರರನ್ನು ಮಾತ್ರ ಕರೆದು ಕೂರಿಸಬೇಕಾಗುತ್ತದೆ.