ಲೈಸೆನ್ಸಿಗೆ ಹತ್ತು ಕಾಗದ, ಮೇಸ್ತ್ರಿಗೆ ಬರೀ ಬಾಯಿಮಾತು

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಬಡವನೊಬ್ಬ ಮನೆ ಕಟ್ಟಲು ಹೊರಟರೆ ಸರ್ಕಾರದವರು ಕೇಳುವ ಕಾಗದಗಳಿಗೆ ಕೊನೆಯಿಲ್ಲ. ಹಳ್ಳಿಯವನಾದರೆ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯ ಪರವಾನಗಿ ಬೇಕು. ಚಳ್ಳಕೆರೆ ನಗರಸಭೆಯ ಅಥವಾ ಮೊಳಕಾಲ್ಮೂರು ಪಟ್ಟಣ ಪಂಚಾಯಿತಿಯ ಎಲ್ಲೆಯೊಳಗಿನವನಾದರೆ 1964ರ ಪುರಸಭೆಗಳ ಕಾಯ್ದೆ. ಹಳ್ಳಿಯಲ್ಲಿ ಅದಕ್ಕೂ ಮುಂಚೆ ಇ-ಸ್ವತ್ತಿನ ನಮೂನೆ 9, ನಮೂನೆ 11. ಅವಕ್ಕೂ ಮುಂಚೆ ಹಕ್ಕುಪತ್ರ. ಗೊಲ್ಲರಹಟ್ಟಿಗಳಲ್ಲಿ ತಲೆಮಾರುಗಳಿಂದ ಬಾಳಿದ ಅನೇಕರಿಗೆ ಕಾಲಡಿಯ ನೆಲವೇ ತಮ್ಮ ಹೆಸರಿನಲ್ಲಿರಲಿಲ್ಲ. ದಾಖಲೆಯಿಲ್ಲದ ಹಟ್ಟಿ, ಹಾಡಿ, ತಾಂಡಾಗಳ ನಿವಾಸಿಗಳಿಗೆ ಮನೆಯ ಜಾಗದ ಹಕ್ಕು ಕೊಡುವ ಭೂಸುಧಾರಣಾ ತಿದ್ದುಪಡಿ ಬಂದದ್ದು 2017ರಲ್ಲಿ, ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷವಾದ ಮೇಲೆ!

ಪರವಾನಗಿಯೇ ಬೇಡವೆಂದು ನಾವು ವಾದಿಸುತ್ತಿಲ್ಲ. ಬೀದಿಗೆ, ಚರಂಡಿಗೆ ಜಾಗ ಉಳಿಯಲೇಬೇಕು. ನಮ್ಮ ಪ್ರಶ್ನೆ ಬೇರೆ. ಸರ್ಕಾರಕ್ಕೆ ಬೇಕಾದ ಕಾಗದಗಳೆಲ್ಲ ಇರುವ ಮನೆಯಲ್ಲಿ ಮನೆಯವನಿಗೆ ಬೇಕಾದ ಒಂದು ಕಾಗದ ಮಾತ್ರ ಇಲ್ಲ: ಮೇಸ್ತ್ರಿಯೊಡನೆ ಮಾಡಿಕೊಂಡ ಕರಾರಿನ ಕಾಗದ.

ನಮ್ಮಲ್ಲಿ ಕರಾರೆಂದರೆ ಚದರಕ್ಕೆ ಇಷ್ಟು ಎಂಬ ಮಾತು, ಎಲೆಯಡಿಕೆ, ಕೈಗೆ ಮುಂಗಡ. ಜಗಳ ಹುಟ್ಟುವುದು ಆಮೇಲೆ. ಚದರವನ್ನು ಗೋಡೆಯ ಹೊರಮೈಯಿಂದ ಅಳೆಯಬೇಕೋ, ಒಳಮೈಯಿಂದಲೋ? ಮೆಟ್ಟಿಲು, ಸಂಪು, ಸಜ್ಜಾ ಲೆಕ್ಕಕ್ಕೆ ಸೇರಿದವೋ ಇಲ್ಲವೋ? ಸೆಂಟ್ರಿಂಗ್ ಹಲಗೆಯ ಬಾಡಿಗೆ ಯಾರ ತಲೆಗೆ? ಮೊಳಕಾಲ್ಮೂರಿನ ರೇಷ್ಮೆ ನೇಕಾರನ ಮನೆಯಾದರೆ ಇನ್ನೂ ಒಂದು: ಮಗ್ಗದ ಗುಂಡಿ ತೋಡಿ ಕಟ್ಟುವುದು ಒಪ್ಪಿದ ಕೆಲಸದೊಳಗೋ, ಹೊರಗೋ?

ಎಲ್ಲಕ್ಕಿಂತ ದೊಡ್ಡದು ನೀರಿನ ಮಾತು. ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕು. ಬಿಸಿಲು, ಒಣಹವೆ ಇದ್ದಲ್ಲಿ 10 ದಿನಕ್ಕೆ ಕಡಮೆಯಾಗಕೂಡದೆಂದು ಭಾರತೀಯ ಮಾನಕ 456 ವಿಧಿಸುತ್ತದೆ. ಚಳ್ಳಕೆರೆಯ ಬೇಸಿಗೆಯಲ್ಲಿ ಹತ್ತು ದಿನದ ನೀರೆಂದರೆ ಟ್ಯಾಂಕರಿನ ನೀರು. ಅದರ ಹಣ ಯಾರದೆಂದು ಮೊದಲೇ ಮಾತಾಗಿರುವುದಿಲ್ಲ. ಮೂರೇ ದಿನಕ್ಕೆ ನೀರು ನಿಲ್ಲುತ್ತದೆ. ಛಾವಣಿ ಬಿರಿದಾಗ ಮೇಸ್ತ್ರಿ ಸಿಮೆಂಟನ್ನು ಬೈಯುತ್ತಾನೆ, ಸಿಮೆಂಟ್ ಅಂಗಡಿಯವನು ಮೇಸ್ತ್ರಿಯನ್ನು ಬೈಯುತ್ತಾನೆ. ಸೋರುವ ಮನೆಯಲ್ಲಿ ಮಲಗುವವನು ಮೂರನೆಯವನು.

ಸರ್ಕಾರದ ನೆರವಿನ ಮನೆಗಳ ಕತೆ ಇನ್ನೂ ವಿಚಿತ್ರ. 2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮನೆ ಕನಿಷ್ಠ 25 ಚದರ ಮೀಟರ್, ಎಂದರೆ ಮೂರು ಚದರಕ್ಕೂ ಕಡಮೆ; ಬಯಲು ಪ್ರದೇಶಕ್ಕೆ ನೆರವು 1 ಲಕ್ಷ 20 ಸಾವಿರ ರೂಪಾಯಿ. ಗುತ್ತಿಗೆದಾರನನ್ನು ತರಕೂಡದು, ಫಲಾನುಭವಿಯೇ ಕಟ್ಟಿಸಿಕೊಳ್ಳಬೇಕೆಂಬುದು ನಿಯಮ. ಉದ್ದೇಶ ಒಳ್ಳೆಯದೇ. ಆದರೆ ದಿನಗೂಲಿಗೆ ಹೋಗುವ ಹೆಂಗಸು ಕಂಬಿ ಕೊಂಡು, ಮರಳು ಹೊಂದಿಸಿ, ದಿನವೆಲ್ಲ ನಿಂತು ಕಟ್ಟಿಸಬಲ್ಲಳೇ? ಒಬ್ಬನಲ್ಲ ಒಬ್ಬ ಗುತ್ತಿಗೆಯವನು ಬಂದೇ ಬರುತ್ತಾನೆ. ನಿಯಮದ ಕಣ್ಣಿಗೆ ಅವನು ಇಲ್ಲ. ಇಲ್ಲದವನ ಮೇಲೆ ದೂರು ಕೊಡುವುದೆಂತು?

ಇತ್ತ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದವರು ತಳಪಾಯ, ಲಿಂಟಲ್, ಛಾವಣಿ, ಮುಕ್ತಾಯ ಎಂದು ಹಂತ ಮಾಡಿ, ಚಿತ್ರ ನೋಡಿಯೇ ಹಣ ಬಿಡುತ್ತಾರೆ. ಮುಗಿದ ಕೆಲಸಕ್ಕೆ ಮಾತ್ರ ಹಣವೆಂಬ ಈ ಜಾಣತನ ಸರ್ಕಾರಕ್ಕಿದೆ. ಬಡವ ಮಾತ್ರ ಸಾಲ ತಂದು ಮುಂಗಡ ಸುರಿಯಬೇಕೇ?

ಮೇಸ್ತ್ರಿಗಳೆಲ್ಲ ಕಳ್ಳರೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಬಹುಮಂದಿ ನಿನ್ನೆಯವರೆಗೂ ಕರಣೆ ಹಿಡಿದವರು. ಕಂಬಿಯ ಬೆಲೆ ಏರಿದರೆ ಬಾಯಿಮಾತಿನ ದರಕ್ಕೆ ಸಿಕ್ಕಿಕೊಳ್ಳುವವರೂ ಅವರೇ. ಅವರ ಕೈಕೆಳಗಿನ ಕೂಲಿಗೆ ವಾರದ ಬಟವಾಡೆ ತಪ್ಪುವುದೂ ಆಗಲೇ. ಬರೆದ ಕರಾರು ಅವರಿಗೂ ಬೇಕು.

ಕಾನೂನು ಇಲ್ಲದಿಲ್ಲ. 1872ರ ಕರಾರು ಕಾಯ್ದೆಯಲ್ಲಿ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯುಂಟು, ಆದರೆ ರುಜುವಾತಾಗಬೇಕು. 1993ರ ತಿದ್ದುಪಡಿ ಮನೆ ನಿರ್ಮಾಣವನ್ನು ಗ್ರಾಹಕರ ಕಾಯ್ದೆಯ ‘ಸೇವೆ’ಯೊಳಗೆ ಸೇರಿಸಿತು, 2019ರ ಹೊಸ ಕಾಯ್ದೆಯಲ್ಲೂ ಅದು ಉಳಿದಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಚಿತ್ರದುರ್ಗದ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಅಲ್ಲಿಗೆ ಬರಿಗೈಯಲ್ಲಿ ಹೋದವನನ್ನು ಮೊದಲು ಕೇಳುವುದೇ ಕಾಗದ.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ಪರವಾನಗಿ ಕೊಡುವ ದಿನವೇ ಪಂಚಾಯಿತಿಯವರು ಅಚ್ಚು ಹಾಕಿದ ಕನ್ನಡದ ಕರಾರು ಪತ್ರವೊಂದನ್ನು ಪುಕ್ಕಟೆಯಾಗಿ ಕೊಡಲಿ. ಅಳತೆಯ ರೀತಿ, ಕೆಲಸದ ಪಟ್ಟಿ, ಸಾಮಾನು ತರುವವರು, ನೀರಿನ ಖರ್ಚು, ಹಂತದ ಹಣ, ಮುಗಿಸುವ ದಿನ: ಇಷ್ಟು ಅದರಲ್ಲಿರಲಿ. ಓದು ಬಾರದವರಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಓದಿ ಹೇಳಲಿ. ಒಂದು ಪ್ರತಿ ಕಚೇರಿಯ ಕಡತದಲ್ಲಿರಲಿ. ಬರುವ ಗ್ರಾಮಸಭೆಯಲ್ಲಿ ಇದನ್ನು ಠರಾವಾಗಿ ಮಂಡಿಸಬೇಕೆಂದು ಎರಡೂ ತಾಲ್ಲೂಕಿನ ನಮ್ಮ ವಾಚಕರನ್ನು ಕೋರುತ್ತೇವೆ.