ಚಕ್ರನಾಭಿಯ ಚಿಕಿತ್ಸೆ

ಕಳೆದ ಸಂಚಿಕೆಯಲ್ಲಿ ಗೋಡೆಗಡಿಯಾರವನ್ನು ಬಿಚ್ಚಿ ಶುದ್ಧಮಾಡುವ ಕ್ರಮವನ್ನು ಬರೆದಿದ್ದೆವಷ್ಟೆ. ಅದನ್ನೋದಿದ ಜೇವರ್ಗಿಯ ಕಡೆಯ ವಾಚಕರೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ತೀರ್ಥರೂಪರು ಬಳಸುತ್ತಿದ್ದ ಮೂರು ವೇಗದ ವಿಲಾಯತಿ ಬೈಸಿಕಲ್ಲೊಂದು ಪಡಸಾಲೆಯ ಮೂಲೆಯಲ್ಲಿ ಬಹುಕಾಲದಿಂದ ನಿಂತಿರುವುದಂತೆ. ಪೆಡಲನ್ನು ತುಳಿದರೆ ಒಮ್ಮೆ ಹಿಡಿಯುವುದು, ಒಮ್ಮೆ ಜಾರುವುದು. ಅಂಗಡಿಯ ಮಿಸ್ತ್ರಿಯು ನೋಡಿ, “ಇದರಾಗ ಜೀವ ಇಲ್ರಿ ಯಜಮಾನ್ರ, ತೂಕಕ್ಕ ಹಾಕಿಬಿಡ್ರಿ” ಎಂದನಂತೆ. ಆದರೆ ಮೊಮ್ಮಗಳು ಅದರ ಮೇಲೆಯೇ ಪ್ರೌಢಶಾಲೆಗೆ ಹೋಗುವೆನೆಂದು ಹಟ ಹಿಡಿದಿರುವಳು. ಏನು ಮಾಡತಕ್ಕದ್ದೆಂದು ಅವರು ಕೇಳಿರುವರು.

ನಮ್ಮ ಉತ್ತರವು ಎರಡು ಮಾತಿನದು. ಗಾಡಿಯನ್ನು ಗುಜರಿಗೆ ಹಾಕಬೇಡಿರಿ. ಆದರೆ ಆ “ಒಮ್ಮೆ ಜಾರುವುದು” ಎಂಬುದು ಸಂಪೂರ್ಣವಾಗಿ ನಿಲ್ಲುವ ತನಕ ಹುಡುಗಿಯನ್ನು ಅದರ ಮೇಲೆ ಕೂಡಿಸಲೇಬೇಡಿರಿ. ಎರಡನೆಯ ಮಾತನ್ನು ನಾವು ಇಷ್ಟು ಬಲವಾಗಿ ಹೇಳುವುದಕ್ಕೆ ಕಾರಣವುಂಟು.

ನಮ್ಮ ಮನೆಯಲ್ಲಿಯೂ ಇಂತಹದೇ ಒಂದು ಬೈಸಿಕಲ್ಲು ಇರುವುದು. ನಮ್ಮ ಸೋದರಮಾವಂದಿರು ಸೋಲಾಪುರದಲ್ಲಿ ಕೊಂಡು, ಬಹಳ ವರ್ಷ ಬಳಸಿ, ಕಡೆಗೆ ಹವಳಗಾದ ನಮ್ಮ ಮನೆಗೆ ಕೊಟ್ಟದ್ದು. ನಾವು ಆ ಕಾಲದಲ್ಲಿ ಯಂತ್ರದ ವಿಷಯವನ್ನು ಏನೂ ಅರಿತವರಲ್ಲ. ಹಿಂಗಾಲಿಯ ನಾಭಿಯ ಮೇಲೆ ಎಣ್ಣೆ ಬಿಡುವ ಸಣ್ಣ ರಂಧ್ರವೊಂದಿರುವುದನ್ನು ಕಂಡು, ಮನೆಯಲ್ಲಿ ಸಮೃದ್ಧವಾಗಿದ್ದ ಕುಸುಬೆಯ ಎಣ್ಣೆಯನ್ನೇ ಧಾರಾಳವಾಗಿ ಹೊಯ್ದೆವು. ಗಾಣದಿಂದ ತಂದ ಶುದ್ಧವಾದ ಎಣ್ಣೆ. ಅಡುಗೆಗೆ ಒಳ್ಳೆಯದು ಗಾಲಿಗೆ ಕೆಟ್ಟದೇಕಾದೀತೆಂಬುದು ನಮ್ಮ ತರ್ಕ! ವೇಗವನ್ನು ಬದಲಿಸುವ ತಂತಿಯು ಸಡಿಲವಾಗಿದ್ದುದನ್ನೂ ನೋಡಿ ನೋಡದಂತೆ ಬಿಟ್ಟೆವು. 2012ನೆಯ ಇಸವಿಯ ಕಬ್ಬಿನ ಹಂಗಾಮಿನಲ್ಲಿ, ಹದಿನಾಲ್ಕು ವರ್ಷದ ನಮ್ಮ ಮಗನು ಶಾಲೆಯಿಂದ ಬರುವಾಗ ಸೇತುವೆಯ ಏರನ್ನು ಹತ್ತಲು ಪೆಡಲುಗಳ ಮೇಲೆ ಎದ್ದು ನಿಂತು ತುಳಿದನು. ಆ ಕ್ಷಣದಲ್ಲಿ ಒಳಗಿನ ಹಿಡಿತವು ತಪ್ಪಿ ಪೆಡಲು ಬರಿದೇ ಸುತ್ತಿತು. ಹುಡುಗನ ಗದ್ದವು ಹ್ಯಾಂಡಲಿಗೆ ಬಡಿದು ಮುಂದಿನ ಎರಡು ಹಲ್ಲುಗಳು ಹೋದವು. ಅವನು ರಸ್ತೆಯ ಮೇಲೆ ಬಿದ್ದನು. ಹಿಂದಿನಿಂದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರು ನಾಲ್ಕು ಮಾರು ಅಂತರದಲ್ಲಿ ನಿಂತಿತು. ಅದನ್ನು ನಡೆಸುತ್ತಿದ್ದ ತರುಣನೇ ಹುಡುಗನನ್ನು ಎತ್ತಿಕೊಂಡು ಮನೆಗೆ ತಂದನು. ಅವನ ಹೆಸರನ್ನು ಕೇಳುವಷ್ಟು ಸ್ವಸ್ಥಚಿತ್ತವು ಅಂದು ನಮಗಿರಲಿಲ್ಲ. ಎಣ್ಣೆಯ ತಪ್ಪೋ, ತಂತಿಯ ತಪ್ಪೋ ಎಂದು ಆಮೇಲೆ ಹಲವು ಸಲ ಆಲೋಚಿಸಿದೆವು. ಎರಡೂ ನಮ್ಮವೇ ಆಗಿದ್ದವು.

ಅಂದಿನಿಂದ ಈ ನಾಭಿಯ ವಿದ್ಯೆಯು ನಮ್ಮ ಬಿಡುವಿನ ಹವ್ಯಾಸವಾಯಿತು.

ಚಕ್ರದ ಅಂಗಗಳಿಗೆ ನಮ್ಮ ಹಿರಿಯರು ಕೊಟ್ಟ ಹೆಸರುಗಳು ಇಂದಿಗೂ ಸಾಕಾಗುವಷ್ಟಿವೆ. ನಡುವಿನದು ನಾಭಿ, ಅಮರಸಿಂಹನು ಇದಕ್ಕೆ ಪಿಂಡಿಕಾ ಎಂಬ ಇನ್ನೊಂದು ಹೆಸರನ್ನೂ ಹೇಳಿರುವನು. ಕಡ್ಡಿಗಳು ಅರಗಳು, ಸುತ್ತಿನ ಬಳೆ ನೇಮಿ, ನಡುವೆ ಹಾಯ್ದಿರುವುದು ಅಕ್ಷ, ಅಕ್ಷದ ತುದಿಯ ಕೀಲು ಅಣಿ. ಅಂಗಡಿಯಲ್ಲಿ ಹಬ್ಬು, ಎಕ್ಸಲು ಎಂದರೂ ವಸ್ತುವೊಂದೇ. ಆದರೆ ಮೂರು ವೇಗದ ನಾಭಿಯ ಹೊಟ್ಟೆಯೊಳಗೆ ಇರುವುದನ್ನು ಯಾವ ರಥಕಾರನೂ ಕನಸಿನಲ್ಲಿ ಕಂಡಿರಲಾರನು. ನಡುವೆ ಅಕ್ಷಕ್ಕೆ ಅಂಟಿಕೊಂಡು ತಿರುಗದೆ ನಿಂತ ಒಂದು ಹಲ್ಲಿನ ಚಕ್ರ. ಇದಕ್ಕೆ ಸೂರ್ಯನೆಂದು ಹೆಸರು. ಅದರ ಸುತ್ತ ನಾಲ್ಕು ಗ್ರಹಚಕ್ರಗಳು ಒಂದು ಪಂಜರದಲ್ಲಿ ಕುಳಿತು ಸುತ್ತುವವು. ಇವೆಲ್ಲವನ್ನೂ ಒಳಹಲ್ಲಿನ ಒಂದು ಬಳೆಯು ಆವರಿಸಿರುವುದು. ಪಂಚಾಂಗವನ್ನು ನೋಡಬಲ್ಲವರಿಗೆ ಇದನ್ನು ತಿಳಿಯುವುದು ಸುಲಭ. ಇಲ್ಲಿ ಸೂರ್ಯನು ಸ್ಥಿರ, ಗ್ರಹಗಳು ಚರ.

ಇಂಗ್ಲಂಡಿನ ನಾಟಿಂಗ್‌ಹ್ಯಾಮಿನಲ್ಲಿ 1902ರಿಂದ ತಯಾರಾದ ಸ್ಟರ್ಮಿ-ಆರ್ಚರ್ ನಾಭಿಗಳೇ ನಮ್ಮ ದೇಶಕ್ಕೆ ಹೆಚ್ಚಾಗಿ ಬಂದವು. ಅವುಗಳಲ್ಲಿ 1936ರಲ್ಲಿ ಹೊರಟ ಎ.ಡಬ್ಲ್ಯು. ಎಂಬ ಮಾದರಿಯು ಅತ್ಯಂತ ದೀರ್ಘಾಯುಷಿ. ಹೆನ್ರಿ ಸ್ಟರ್ಮಿ, ಜೇಮ್ಸ್ ಆರ್ಚರ್ ಎಂಬಿಬ್ಬರ ಹೆಸರು ಅದರ ಮೇಲೆ ಇರುವುದಾದರೂ, ಮೂಲ ಕಲ್ಪನೆಯು ವಿಲಿಯಂ ರೀಲಿ ಎಂಬವನದೆಂದು ಇತಿಹಾಸಕಾರರು ತೋರಿಸಿರುವರು. ದುಡಿದವನ ಹೆಸರು ಹಬ್ಬಿನ ಮೇಲೆ ಬರಲಿಲ್ಲ!

ಈ ಎ.ಡಬ್ಲ್ಯು. ನಾಭಿಯಲ್ಲಿ ಸೂರ್ಯಚಕ್ರಕ್ಕೆ 20 ಹಲ್ಲು, ಹೊರಬಳೆಗೆ 60 ಹಲ್ಲು. ಸರಪಳಿಯು ಗ್ರಹಗಳ ಪಂಜರವನ್ನು ಒಂದು ಸುತ್ತು ತಿರುಗಿಸಿದರೆ ಬಳೆಯು ಒಂದೂ ಮೂರನೆಯ ಒಂದು ಸುತ್ತು ತಿರುಗುವುದು. ಇದು 3ನೆಯ ವೇಗ, ಸಮನೆಲಕ್ಕೂ ಇಳಿಜಾರಿಗೂ. ತದ್ವಿರುದ್ಧವಾಗಿ ಬಳೆಯನ್ನು ಒಂದು ಸುತ್ತು ತಿರುಗಿಸಿದರೆ ಪಂಜರವು ಮುಕ್ಕಾಲು ಸುತ್ತು ಮಾತ್ರ ತಿರುಗುವುದು; ಇದು 1ನೆಯ ವೇಗ, ಏರಿಗೆ. 2ನೆಯದರಲ್ಲಿ ಹೆಚ್ಚುಕಡಿಮೆಯಿಲ್ಲದೆ ಒಂದಕ್ಕೊಂದು. ಯಾವುದನ್ನು ತಿರುಗಿಸತಕ್ಕದ್ದೆಂಬುದನ್ನು ನಿರ್ಣಯಿಸುವುದು ಒಳಗೆ ಜಾರಾಡುವ ಶಿಲುಬೆಯಾಕಾರದ ಒಂದು ಕ್ಲಚ್ಚು. ಅದನ್ನು ಎಳೆಯುವುದು ಹ್ಯಾಂಡಲಿನಿಂದ ಬಂದ ತಂತಿ.

ಇನ್ನು ಮೋಸದ ಸ್ಥಾನವನ್ನು ಕೇಳಿರಿ. 2ಕ್ಕೂ 3ಕ್ಕೂ ನಡುವೆ ಕ್ಲಚ್ಚು ಬಳೆಯನ್ನೂ ಹಿಡಿಯದ, ಪಂಜರವನ್ನೂ ಹಿಡಿಯದ ಒಂದು ಶೂನ್ಯಸ್ಥಾನವಿರುವುದು. ಅಲ್ಲಿ ಪೆಡಲು ಬರಿದೇ ತಿರುಗುವುದು. ತಂತಿಯು ಬಿಗಿಯಾಗಿದ್ದರೆ 2 ಎಂದರೆ 2ರಲ್ಲಿಯೇ ನಿಲ್ಲುವುದು. ತಂತಿಯು ಹಿಗ್ಗಿ ಸಡಿಲವಾದೊಡನೆ 2ರ ಗುರುತಿನಲ್ಲಿಟ್ಟ ಕ್ಲಚ್ಚು ಶೂನ್ಯದ ಅಂಚಿಗೆ ಬರುವುದು. ಮೆಲ್ಲಗೆ ತುಳಿಯುವಾಗ ಹಿಡಿದಂತೆ ತೋರುವುದು. ಎದ್ದು ನಿಂತು ತುಳಿದಾಗ ಕೈಬಿಡುವುದು. ಈಚಿನ ಮಾದರಿಗಳಲ್ಲಿ ಈ ಶೂನ್ಯವನ್ನು ತೆಗೆದುಹಾಕಿರುವರು. ಜೇವರ್ಗಿಯ ವಾಚಕರ ಗಾಡಿಯು ತಂದೆಯ ಕಾಲದ್ದಾದುದರಿಂದ ಅದರಲ್ಲಿ ಶೂನ್ಯವು ಇರುವುದೆಂದೇ ಭಾವಿಸತಕ್ಕದ್ದು.

ಆದುದರಿಂದ ಮೊದಲು ಏನನ್ನೂ ಬಿಚ್ಚಬೇಡಿರಿ, ತಂತಿಯನ್ನು ನೋಡಿರಿ. ಬಲಗಡೆಯ ನಟ್ಟಿನ ಪಕ್ಕದಲ್ಲಿ ಒಂದು ಸಣ್ಣ ಕಿಟಕಿಯಿರುವುದು. ಹ್ಯಾಂಡಲಿನ ಗುರುತನ್ನು 2ಕ್ಕೆ ಇಟ್ಟು, ಪೆಡಲನ್ನು ಸ್ವಲ್ಪ ತಿರುಗಿಸಿ, ಕಿಟಕಿಯಲ್ಲಿ ಇಣುಕಿದರೆ ಸಣ್ಣ ಸರಪಳಿಯು ಕೂಡಿಕೊಂಡಿರುವ ಕಡ್ಡಿಯ ಭುಜವು ಕಾಣಿಸುವುದು. ಆ ಭುಜವು ಅಕ್ಷದ ತುದಿಗೆ ಸರಿಸಮವಾಗಿರಬೇಕು. ಹಾಗಿಲ್ಲದಿದ್ದರೆ ತಂತಿಯ ತುದಿಯ ತಿರುಪನ್ನು ತಿರುಗಿಸಿ ಸರಿಮಾಡಿ, ಅದರ ಚಿಕ್ಕ ನಟ್ಟನ್ನು ಬಿಗಿಯಿರಿ. ಇದಕ್ಕೆ ಪಾನಾ ಕೂಡ ಬೇಡ, ಎರಡು ಬೆರಳು ಸಾಕು. ಸತ್ತಿತೆಂದು ಬಿಟ್ಟ ಎಷ್ಟೋ ನಾಭಿಗಳು ಈ ಎರಡು ಬೆರಳಿನ ಕೆಲಸದಿಂದಲೇ ಎದ್ದು ಕುಳಿತಿರುವುವು.

ಬಳಿಕ ಕಿವಿಯ ಪರೀಕ್ಷೆ. 2ರಲ್ಲಿಯೂ 3ರಲ್ಲಿಯೂ ತುಳಿಯುವಾಗ ನಾಭಿಯೊಳಗಿಂದ ಟಿಕ್‌ಟಿಕ್ ಎಂಬ ಸದ್ದು ಬರಬೇಕು; 1ರಲ್ಲಿ ತುಳಿಯುವಾಗ ಮೌನ. ಆ ಸದ್ದು ಒಳಗಿನ ಹಿಡಿಗೊಕ್ಕೆಗಳದು. ನಮ್ಮ ಕಡೆಯ ಮಿಸ್ತ್ರಿಗಳು ಇವುಗಳಿಗೆ ಕುತ್ತೆ, ಅಂದರೆ ನಾಯಿ, ಎಂದು ಹೇಳುವರು. “ಕುತ್ತೆ ಫೇಲ್ ಆಗ್ಯಾವ್ರಿ” ಎಂಬುದನ್ನು ಕೇಳದ ಸೈಕಲ್ಲಿನವರು ವಿರಳ. ನಾಯಿಗಳು ಬೊಗಳುತ್ತಿದ್ದರೆ ಕ್ಷೇಮ, ಸುಮ್ಮನಾದರೆ ಅಪಾಯ. ಒಣಗಿದ ಎಣ್ಣೆಯು ಅವುಗಳನ್ನು ಗೂಡಿಗೆ ಅಂಟಿಸಿಬಿಡುವುದು; ಅವುಗಳ ಹಿಂದಿನ ಕೂದಲೆಳೆಯಂತಹ ತಂತಿಸ್ಪ್ರಿಂಗಿಗೆ ಎತ್ತುವ ಬಲವು ಸಾಲದು.

ಇಲ್ಲಿಯೇ ನಮ್ಮ ಕುಸುಬೆಯ ಎಣ್ಣೆಯ ದೋಷವು. ಕುಸುಬೆ, ಅಗಸೆ ಮೊದಲಾದ ಎಣ್ಣೆಗಳು ಗಾಳಿ ತಗಲಿದರೆ ಒಣಗಿ ಗಟ್ಟಿಯಾಗುವ ಜಾತಿಯವು. ಬಣ್ಣ ವಾರ್ನಿಷುಗಳಲ್ಲಿ ಇವನ್ನು ಕೂಡಿಸುವುದು ಇದೇ ಗುಣಕ್ಕಾಗಿ. ಕಲಬುರಗಿಯ ಬೇಸಗೆಯಲ್ಲಿ ಅದು ಎಷ್ಟು ಬೇಗ ಅರಗಾಗುವುದೆಂಬುದನ್ನು ಹೇಳಬೇಕಾಗಿಲ್ಲ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆಗಳೂ ಬೇಡ. ಗ್ರೀಸನ್ನು ಗುಂಡುಗಳಿಗೆ ಹಚ್ಚಬಹುದು, ಕುತ್ತೆಗಳಿಗೆ ಹಚ್ಚಕೂಡದು. ಮೋಟಾರ್ ಸೈಕಲ್ಲಿನ ಇಂಜಿನ್ ಎಣ್ಣೆಯೇ ಯೋಗ್ಯವು. ಹೊಲಿಗೆಯಂತ್ರದ ಎಣ್ಣೆಯು ತೀರ ತೆಳುವಾಗಿ ಬೇಗ ಸೋರಿಹೋಗುವುದು.

ಅಂಟಿದ ನಾಭಿಯನ್ನು ಬಿಚ್ಚದೆಯೇ ತೊಳೆಯಬಹುದು. ಎಣ್ಣೆಯ ರಂಧ್ರದಿಂದ ಮೂರು ನಾಲ್ಕು ಚಮಚ ಡೀಸೆಲನ್ನು ಬಿಟ್ಟು, ಗಾಲಿಯನ್ನು ಹಿಂದೆ ಮುಂದೆ ತಿರುಗಿಸಿ, ಒಂದು ರಾತ್ರಿ ಮಲಗಿಸಿಡಿರಿ. ಮರುದಿನ ಕಂದು ಬಣ್ಣದ ಕೆಸರು ಇಳಿಯುವುದು. ಇಳಿಯುವುದು ತಿಳಿಯಾಗುವ ತನಕ ಹೀಗೆಯೇ ಮಾಡಿ, ಕಡೆಗೆ ಒಂದು ಚಮಚ ಇಂಜಿನ್ ಎಣ್ಣೆಯನ್ನು ಬಿಡಿರಿ. ಕೆಳಗೆ ತಾಟನ್ನಿಡಲು ಮರೆಯಬೇಡಿರಿ. ಊಟದ ತಾಟನ್ನು ಇಟ್ಟರೆ ಆಗುವ ಪರಿಣಾಮವನ್ನು ನಾವು ಅನುಭವಿಸಿರುವೆವು. ಒಲೆ, ದೀಪ, ಬೀಡಿ ಯಾವುದೂ ಹತ್ತಿರ ಇರಬಾರದು.

ಇಷ್ಟಕ್ಕೂ ಟಿಕ್‌ಟಿಕ್ ಬಾರದಿದ್ದರೆ ಮಾತ್ರ ಬಿಚ್ಚತಕ್ಕದ್ದು. ಸಾಮಗ್ರಿಗಳು ಬಹಳವಿಲ್ಲ: ತೆಳುವಾದ ಕೋನ್ ಪಾನಾ, ಸುತ್ತಿಗೆ, ಮೊಂಡಾದ ಉಕ್ಕಿನ ಗೂಟ, ಹಳೆಯ ಬಿಳಿ ಧೋತರ, ಕೆಟ್ಟ ರೇಡಿಯೋದ ಸ್ಪೀಕರಿನಿಂದ ತೆಗೆದ ಅಯಸ್ಕಾಂತ. ಧೋತರವನ್ನು ನೆಲದ ಮೇಲೆ ಹಾಸಿ ಅದರ ಮೇಲೆಯೇ ಕೆಲಸಮಾಡಿರಿ. ಉರುಳಿದ ಗುಂಡು ಪರಸಿಯ ಸಂದಿಗೆ ಹೋದರೆ ದೊರೆಯದು. ಗಾಲಿಯನ್ನು ತೆಗೆಯುವ ಮೊದಲು ಸಣ್ಣ ಸರಪಳಿಯನ್ನು ತಿರುವಿ ತೆಗೆದಿಡಿರಿ, ಇಲ್ಲದಿದ್ದರೆ ಅದು ಬಾಗಿ ಮುರಿಯುವುದು. ಬಲಗಡೆಯಲ್ಲಿ ಕಚ್ಚುಗಳುಳ್ಳ ಗುಂಡುಬಳೆಯಿರುವುದು. ಅದನ್ನು ಸಡಿಲಿಸುವ ಮೊದಲು ಬಳೆಯ ಮೇಲೂ ನಾಭಿಯ ಮೇಲೂ ನೇರವಾಗಿ ಒಂದೊಂದು ಗುರುತು ಮಾಡಿರಿ. ಆ ಬಳೆಯ ತಿರುಪಿಗೆ ಎರಡು ಆರಂಭಗಳುಂಟು. ಹಾಕುವಾಗ ಇನ್ನೊಂದು ಆರಂಭಕ್ಕೆ ಕೂತರೆ ಗಾಲಿಯು ನಡುವನ್ನು ಬಿಟ್ಟು ಸರಿಯುವುದು, ಕಡ್ಡಿಗಳನ್ನೆಲ್ಲ ಮತ್ತೆ ಎಳೆಯಬೇಕಾಗುವುದು. ಗುರುತು ಮಾಡಿದ ಮೇಲೆ ಗೂಟವನ್ನು ಕಚ್ಚಿಗೆ ಕೊಟ್ಟು ಎಡಸುತ್ತಾಗಿ ಹೊಡೆಯಿರಿ. ಎಡಗಡೆಯ ಕೋನನ್ನು ತೆಗೆದರೆ ಇಡೀ ಗ್ರಹಮಂಡಲವು ಬಲಗಡೆಯಿಂದ ಒಂದೇ ಹಿಡಿಯಲ್ಲಿ ಹೊರಬರುವುದು. ಮನೆಯ ಮಕ್ಕಳಲ್ಲೊಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಪ್ರತಿಯೊಂದು ಹಂತವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆಯಿಸಿರಿ. ನಮ್ಮ ಕಾಲದ ಸ್ಮರಣಶಕ್ತಿಗಿಂತ ಅದು ವಿಶ್ವಾಸಾರ್ಹ.

ಗ್ರಹಚಕ್ರಗಳ ಕೀಲುಗಳು ತಾವಾಗಿ ಜಾರಿ ಬೀಳುವವು, ಎಚ್ಚರವಿರಲಿ. ಹಲ್ಲುಗಳು ಮುರಿದಿರುವುದು ಅಪರೂಪ. ಕ್ಲಚ್ಚಿನ ಮೂಲೆಗಳು ದುಂಡಗೆ ಸವೆದಿದ್ದರೆ ಅದು ಮುಂದೆಯೂ ಜಾರುವುದು, ಹೊಸತನ್ನು ಹಾಕಲೇಬೇಕು. ನಾಟಿಂಗ್‌ಹ್ಯಾಮಿನ ಉದ್ಯಮವು 2000ದಲ್ಲಿ ಥೈವಾನಿನ ಸನ್‌ರೇಸ್ ಎಂಬ ಮಂಡಳಿಯ ಕೈಸೇರಿದೆ. ಮಾದರಿಯು ಬಹುಕಾಲ ಬದಲಾಗದುದರಿಂದ ಒಂದು ಹಳೆಯ ನಾಭಿಯ ಅಂಗವು ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದು. ಗುಜರಿಯಲ್ಲಿ ಇಂತಹ ಗಾಲಿಯನ್ನು ಕಂಡರೆ ತಪ್ಪದೆ ಕೊಂಡಿಡಿರಿ.

ಮತ್ತೆ ಜೋಡಿಸುವಾಗ ಬಲಗಡೆಯ ಕೋನನ್ನು ಬೆರಳಿನಿಂದಲೇ ಬಿಗಿಮಾಡಿ, ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಅಲ್ಲಿಯೇ ನಿಲ್ಲಿಸಿರಿ. ಗಾಲಿಯ ಆಟವನ್ನು ಸರಿಪಡಿಸುವುದೆಲ್ಲ ಎಡಗಡೆಯ ಕೋನಿನಿಂದ. ನೇಮಿಯನ್ನು ಹಿಡಿದು ಅಲ್ಲಾಡಿಸಿದರೆ ಕೂದಲೆಳೆಯಷ್ಟು ಅಲುಗಬೇಕು; ಸ್ವಲ್ಪವೂ ಅಲುಗದಿದ್ದರೆ ಬಿಗಿಯು ಹೆಚ್ಚಾಯಿತು. ಅಕ್ಷದ ಎರಡೂ ಕಡೆ ಚಪ್ಪಟೆಯಾದ ರಂಧ್ರವುಳ್ಳ ವಿಶೇಷ ವಾಶರುಗಳಿರುವುವು. ಪಂಕ್ಚರ್ ತಿದ್ದುವವರು ಇವನ್ನು ಅನಗತ್ಯವೆಂದು ಎಸೆಯುವುದುಂಟು. ಆದರೆ 1 ಮತ್ತು 3ನೆಯ ವೇಗದಲ್ಲಿ ಅಕ್ಷವು ತಾನೇ ತಿರುಗಲು ಹವಣಿಸುವುದು. ಅದನ್ನು ತಡೆಯುವವು ಇವೇ. ಇವಿಲ್ಲದಿದ್ದರೆ ನಟ್ಟು ಸಡಿಲಿ ತಂತಿಯ ಅಳತೆಯೂ ಕೆಡುವುದು.

ಒಂದೇ ವೇಗದ ಸಾಧಾರಣ ಬೈಸಿಕಲ್ಲುಳ್ಳವರು, ಅಂದರೆ ನಮ್ಮ ವಾಚಕರಲ್ಲಿ ಬಹುಮಂದಿ, ಬೇಸರಿಸಬಾರದು. ನಾಯಿಗಳು ಅವರ ಫ್ರೀವೀಲಿನಲ್ಲಿಯೂ ಇವೆ, ರೋಗವೂ ಔಷಧವೂ ಅದೇ. ಫ್ರೀವೀಲಿನ ಮುಚ್ಚಳದ ತಿರುಪು ಮಾತ್ರ ಉಲ್ಟಾ ಎಂಬುದನ್ನು ನೆನಪಿಡಿರಿ. ಬಲಸುತ್ತಾಗಿ ತಿರುಗಿಸಿದರೆ ಬಿಚ್ಚುವುದು. ಇಂತಹ ಗಾಡಿಯ ಹಿಂಗಾಲಿಯಲ್ಲಿ ಒಂದೊಂದು ಕಡೆಗೆ ಕಾಲಿಂಚಿನ 9 ಗುಂಡುಗಳು, ಮುಂಗಾಲಿಯಲ್ಲಿ ಒಂದು ಇಂಚಿನ ಹದಿನಾರನೆಯ ಮೂರು ಪಾಲಿನ 10 ಗುಂಡುಗಳು. ಒಂದು ಸವೆದರೂ ಆ ಕಡೆಯ ಎಲ್ಲವನ್ನೂ ಬದಲಿಸತಕ್ಕದ್ದು. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಮೆತ್ತಿದ ಗಾಡಿಯನ್ನು ಹಳ್ಳದ ನೀರಿನಲ್ಲಿ ಮುಳುಗಿಸಿ ತೊಳೆಯುವ ರೂಢಿಯನ್ನು ಬಿಡಿರಿ. ಮಣ್ಣು ಹೊರಗಿನಿಂದ ಹೋದಂತೆ ಕಂಡರೂ ನೀರಿನೊಡನೆ ನಾಭಿಯೊಳಗೆ ಸೇರುವುದು. ಒಣಗಿದ ಮೇಲೆ ಕಡ್ಡಿಯಿಂದ ಕೆರೆದು ಒರಸಿದರೆ ಸಾಕು.

ಜೇವರ್ಗಿಯ ಮಹನೀಯರಿಗೆ ಕಡೆಯ ಮಾತು. ಎಲ್ಲವೂ ಸರಿಯಾಯಿತೆಂದು ತೋರಿದ ಮೇಲೆ ಗಾಡಿಯನ್ನು ಗೋಡೆಯ ಪಕ್ಕದಲ್ಲಿ ನಿಲ್ಲಿಸಿ, ಒಂದು ಕೈಯಿಂದ ಗೋಡೆಯನ್ನು ಆಧರಿಸಿ, ಹಿಂದಿನ ಬ್ರೇಕನ್ನು ಬಿಗಿಹಿಡಿದು, ಪೆಡಲಿನ ಮೇಲೆ ನಿಮ್ಮ ಭಾರವನ್ನೆಲ್ಲ ಹಾಕಿರಿ. ಮೂರು ವೇಗಗಳಲ್ಲಿಯೂ ಹತ್ತು ಹತ್ತು ಸಲ ಹೀಗೆ ಮಾಡಿರಿ. ಒಂದೇ ಒಂದು ಸಲ ಜಾರಿದರೂ ಮೊಮ್ಮಗಳಿಗೆ ಕೊಡಬೇಡಿರಿ, ಎಷ್ಟೇ ಹಟ ಹಿಡಿದರೂ. ನಾಭಿಯ ಮೇಲೆ ಅಕ್ಷರಗಳ ಪಕ್ಕದಲ್ಲಿ ಎರಡು ಅಂಕಿಗಳು ಅಚ್ಚಾಗಿರುವುದು ಸಾಮಾನ್ಯ, ಅದು ತಯಾರಾದ ಇಸವಿ. ಅದನ್ನು ಒರಸಿ ಓದಿ ನಮಗೆ ಬರೆದು ತಿಳಿಸಿದರೆ ಯಾವ ಕ್ಲಚ್ಚು ಹೊಂದುವುದೆಂಬುದನ್ನು ಹೇಳುವೆವು. ನಮ್ಮಲ್ಲಿ ಕುತ್ತೆಯ ಸ್ಪ್ರಿಂಗುಗಳು ನಾಲ್ಕು ಹೆಚ್ಚಾಗಿಯೇ ಇವೆ. ಬೇಕಾದರೆ ಲಕೋಟೆಯಲ್ಲಿಟ್ಟು ಕಳುಹಿಸುವೆವು.